ಅಂಗಡಿ ಆಂಟಿಯ ಡೈರಿ

ಕನ್ನಡಕ ಸದಾ ಮೂಗಿನ ತುದಿಗೆ ಜಾರಿರುತ್ತಿತ್ತು. ಕೈ ಬೇಳೆ ಪ್ಯಾಕೆಟ್ ಸ್ಕ್ಯಾನ್ ಮಾಡುತ್ತಿದ್ದರೆ, ಕಣ್ಣು ಕನ್ನಡಕದ ಮೇಲಿಂದ ಹಾದು ನೇರ ನಮ್ಮ ಹೊಟ್ಟೆಯ ಮೇಲೆ ಬಂದು ಕೂರುತ್ತಿತ್ತು. ಪೆಂಡಲ್ ಹಿಲ್ ಸ್ಟೇಷನ್ ಹತ್ತಿರದ ದಿನಸಿ ಅಂಗಡಿ ಆಂಟಿ ಅವರು, ಉಡುಪಿ ಕಡೆಯವರು. ಐದು ತಿಂಗಳು ತುಂಬುವವರೆಗೆ ಯಾರಿಗೂ ಬಾಯಿಬಿಡಬಾರದು ಅಂತ ಅತ್ತೆ ಮೈಸೂರಿಂದಲೇ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದರು. ಆಂಟಿ ಮೂರಕ್ಕೇ ಕಂಡುಹಿಡಿದರು.

ಆಮೇಲೆ ಹೋದಾಗಲೆಲ್ಲ ಒಂದೇ ಪ್ರಶ್ನೆ: "ಎಷ್ಟು ವಾರ?" ದಿನ ಹತ್ತಿರವಾದ ಮೇಲೆ, "ಮಗು ಆಡ್ತಾ ಉಂಟಾ?" ಉತ್ತರ ಹೇಳಿದ್ದೇ ತಡ, ಕೌಂಟರಿನ ಕೆಳಗಿಂದ ಒಂದು ಡೈರಿ ತೆಗೆದು ಏನೋ ಗೀಚಿಕೊಳ್ಳುತ್ತಿದ್ದರು. ಗುರುವಾರ ಮಧ್ಯಾಹ್ನ ಅದನ್ನು ಹಿಡಿದು ಲೈಬ್ರರಿ ಹಾಲಿಗೆ ಹೋಗುತ್ತಿದ್ದರು. ಅಲ್ಲಿ ಆಸ್ಪತ್ರೆಯ ಮಿಡ್‌ವೈಫ್‌ಗಳ ಜೊತೆ ನೇಪಾಳಿ, ಪಂಜಾಬಿ, ತಮಿಳು ಹೆಂಗಸರು ಸೇರುತ್ತಿದ್ದರಂತೆ. ಬಿಳಿಯರಿಗಿಂತ ನಮ್ಮಂಥವರ ಮಕ್ಕಳೇ ಹೊಟ್ಟೆಯಲ್ಲೇ ಹೋಗುವುದು ಹೆಚ್ಚು, ಅದಕ್ಕೊಂದು ದಾರಿ ಹುಡುಕಬೇಕು ಅಂತ. ನಾನು ನಂಬಲಿಲ್ಲ. ನಮ್ಮ ಹೆಸರುಗಳನ್ನೆಲ್ಲ ಆಸ್ಪತ್ರೆಗೆ ಮುಟ್ಟಿಸುತ್ತಾರೆ, ಪಿಆರ್‌ಗೆ, ಅಂದರೆ ಇಲ್ಲೇ ನೆಲೆಸುವ ಪರವಾನಗಿಗೆ, ತೊಂದರೆ ಆದೀತು ಅಂತಲೂ ಯಾರೋ ಹೇಳಿದ್ದರು.

ಅತ್ತೆ ಬಂದ ಮೇಲೆ ಇನ್ನೊಂದು ಸುದ್ದಿ ತಂದರು. ಆಂಟಿಗೂ ದಿನ ತುಂಬಿದ ಮಗುವೊಂದು ಹೋಗಿದೆ. ಅಂಥವರ ಕಣ್ಣು ಬೀಳಬಾರದು. ಹಾಗಾಗಿ ಸೀಮಂತಕ್ಕೆ ಅವರ ಅಂಗಡಿಯಿಂದ ಬೆಲ್ಲ, ಕೊಬ್ಬರಿ ತಂದೆವು, ಅವರನ್ನು ಮಾತ್ರ ಕರೆಯಲಿಲ್ಲ. ಚೀಲ ತುಂಬುವಾಗಲೇ ಅವರಿಗೆ ಗೊತ್ತಾಗಿತ್ತು. ಬಳೆ ನಿಧಾನ ಹಾಕಿಸಿಕೋ, ಒಡೆದೀತು ಅಂದರು, ಅಷ್ಟೇ.

ಒಂದು ಮಂಗಳವಾರ ಬೆಳಿಗ್ಗೆ ಮಗು ಅಲುಗಲಿಲ್ಲ. ಗಂಡ ಆಫೀಸ್ ಕೆಲಸಕ್ಕೆ ಮೆಲ್ಬರ್ನ್‌ಗೆ ಹೋಗಿದ್ದರು. ದಿನ ತುಂಬಿದ ಮಗುವಿಗೆ ಒಳಗೆ ಜಾಗ ಸಾಲದು, ಸುಮ್ಮನಿರುತ್ತೆ, ಅಂದರು ಅತ್ತೆ. ಹನ್ನೊಂದು ಗಂಟೆಗೆ ಕರಿಬೇವಿನ ನೆಪ ಹೇಳಿ ಅಂಗಡಿಗೆ ಹೋದೆ. ಆ ಪ್ರಶ್ನೆ ಕೇಳುವವರು ಬೇರೆ ಯಾರಿದ್ದರು?

"ಬೆಳಿಗ್ಗೆಯಿಂದ ಇಲ್ಲ ಆಂಟಿ."

ಗಿರಾಕಿಗಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಆಸ್ಪತ್ರೆಗೆ ಅಂತ ಅವರ ಕಾರಿನಲ್ಲಿ ಕೂತರೂ ನನ್ನ ಹಾಳು ಮನಸ್ಸು, ಇವರ ಕಣ್ಣೇ ತಾಗಿದ್ದಿರಬಹುದಾ ಅಂತ ಲೆಕ್ಕ ಹಾಕುತ್ತಿತ್ತು.

ಆಸ್ಪತ್ರೆಯ ಡೆಸ್ಕಿನಲ್ಲಿದ್ದ ಹುಡುಗಿ ನಗುನಗುತ್ತಾ, ಮೊದಲ ಹೆರಿಗೆ ಅಂದ್ರೆ ಎಲ್ಲರೂ ಹೆದರ್ತಾರೆ, ಮನೆಗೆ ಹೋಗಿ ತಣ್ಣೀರು ಕುಡಿದು ಮಲಗಿ ನೋಡಿ ಅಂದಳು. ನಾನು ಥ್ಯಾಂಕ್ಯೂ ಹೇಳಿ ಎದ್ದೇಬಿಟ್ಟಿದ್ದೆ. ಚೆಕಪ್‌ಗಳಲ್ಲೆಲ್ಲ ಏನು ಕೇಳಿದರೂ 'ಆಲ್ ಗುಡ್' ಅಂದವಳೇ ನಾನು. ಆಂಟಿ ನನ್ನ ಮಣಿಕಟ್ಟು ಹಿಡಿದರು.

"ಕೂತುಕೋ ಮಾರಾಯ್ತಿ. ನಾನು ಅವತ್ತು ಎದ್ದು ಮನೆಗೆ ಹೋದೆ."

ಮತ್ತೆ ಡೆಸ್ಕಿಗೆ ಹೋಗಿ, ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಎದೆಬಡಿತ ನೋಡುವವರೆಗೆ ನಾವು ಇಲ್ಲಿಂದ ಏಳುವುದಿಲ್ಲ ಅಂದರು. ಗುರುವಾರದ ಮಿಡ್‌ವೈಫ್ ಒಬ್ಬರಿಗೆ ಫೋನ್ ಮಾಡಿದರು. ಅವರು ಮೇಲಿನ ಮಹಡಿಯಿಂದ ಓಡಿಬಂದರು. ಬೆಲ್ಟ್ ಕಟ್ಟಿದ ಮೇಲೆ ಯಾರೂ ನಗಲಿಲ್ಲ. ಗಂಟೆಯೊಳಗೆ ಆಪರೇಷನ್ ಆಯಿತು. ಮಗಳು ಅತ್ತಳು.

ತೊಟ್ಟಿಲು ಶಾಸ್ತ್ರಕ್ಕೆ ಅತ್ತೆಯೇ ಅಂಗಡಿಗೆ ಹೋಗಿ ಕರೆದರು. ಆಂಟಿ ಬಂದರು, ಬಾಗಿಲ ಹತ್ತಿರವೇ ನಿಂತು ಮಗುವನ್ನು ನೋಡಿದರು, ಅಂಗಡಿ ಉಂಟು ಅಂತ ಹೊರಟರು.

ಹೋದ ವರ್ಷ ಆಂಟಿ ಮೆಲ್ಬರ್ನ್‌ನಲ್ಲಿ, ಮಗನ ಮನೆಯಲ್ಲಿ ತೀರಿಕೊಂಡರು. ಡೈರಿಯನ್ನು ನನಗೆ ಕೊಡಬೇಕು ಅಂದಿದ್ದರಂತೆ. ಬಿಡಿಸಿ ನೋಡಿದರೆ ಅದರಲ್ಲಿ ಒಂದು ಹೆಸರೂ ಇಲ್ಲ. ಆಗ ನಾನು ಸದಾ ಹೊದೆಯುತ್ತಿದ್ದ ದುಪಟ್ಟಾದಿಂದ ನನ್ನ ಪುಟದ ಗುರುತು ಸಿಕ್ಕಿತು: 'ಹಸಿರು ದುಪಟ್ಟಾ. ಮೊದಲನೇದು. ಹೇಳುವುದಿಲ್ಲ, ಕೇಳುತ್ತಾ ಇರಬೇಕು.'

ಈಗ ಗುರುವಾರ ಲೈಬ್ರರಿ ಹಾಲಿಗೆ ನಾನು ಹೋಗುತ್ತೇನೆ. ಮೊನ್ನೆ ಅದೇ ಅಂಗಡಿಯ ಸಾಲಿನಲ್ಲಿ ಒಬ್ಬಳನ್ನು ಎಷ್ಟು ವಾರ ಅಂತ ಕೇಳಿದೆ. ನನ್ನನ್ನು ಕಳ್ಳಿಯ ಹಾಗೆ ನೋಡಿ ದುಪಟ್ಟಾ ಎಳೆದುಕೊಂಡಳು. ನೀಲಿ ದುಪಟ್ಟಾ. ಬರೆದುಕೊಂಡಿದ್ದೇನೆ.