ಸೋಫಾ ಸನ್ಯಾಸಿಯ ಎರಡನೆಯ ಕುರ್ಚಿ

ಮೇಜು-ಮಂಚ ಮಾರುವ ಆ ಅಂಗಡಿಯಲ್ಲಿ ಎಲ್ಲರೂ ಅವನನ್ನು ಸೋಫಾ ಸನ್ಯಾಸಿ ಎನ್ನುತ್ತಿದ್ದರು. ಹಗಲೆಲ್ಲ ಕಂಡವರಿಗೆ ಆರು ಜನ ಕೂರುವ ಊಟದ ಮೇಜು ಮಾರುವ ಈ ಆಸಾಮಿಯ ಮನೆಯಲ್ಲಿದ್ದದ್ದು ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ, ಒಂದು ಚಾಪೆ. ಜಿಪುಣನೇನಲ್ಲ. ಸಂಸಾರಕ್ಕೆಂದು ಕೊಂಡ ಸಾಮಾನು ಹೆಂಡತಿ ಬಿಟ್ಟುಹೋದ ಮೇಲೆ ದೂಳು ಹೊರಲಷ್ಟೇ ಉಳಿದಿತ್ತು, ಒಂದೊಂದಾಗಿ ಕೊಟ್ಟುಬಿಟ್ಟ. ಬಳಸದ ಸಾಮಾನೆಂದರೆ ಬಾಡಿಗೆ ಕೊಡದೆ ಕೂತವನಿದ್ದ ಹಾಗೆ ಎಂದು ಹೇಳಿಕೊಂಡು ತಿರುಗುತ್ತಿದ್ದ. ಕೇಳಲಿಕ್ಕೇನೋ ಚೆನ್ನಾಗಿತ್ತು. ಸಂಜೆ ಬೀಗ ತೆಗೆದರೆ ಖಾಲಿ ಕೋಣೆ ಅವನ ಕೆಮ್ಮನ್ನೇ ಅವನಿಗೆ ವಾಪಸು ಕೊಡುತ್ತಿತ್ತು.

ವ್ಯಾಪಾರದಲ್ಲಿ ಅವನಿಗೊಂದು ನೇಮ. ಗಿರಾಕಿಯನ್ನು ಒಂದೇ ಸಲ ಕೇಳಬೇಕು, ಆಮೇಲೆ ಬಾಯಿಗೆ ಬೀಗ. ಒತ್ತಾಯ ಮಾಡಿದರೆ ಓಡಿಹೋಗುತ್ತಾನೆ, ಸುಮ್ಮನಿದ್ದರೆ ತಾನೇ ಒಪ್ಪುತ್ತಾನೆ. ಅಂಗಡಿಯಲ್ಲಿ ಇದು ಎಂದೂ ಕೈಕೊಟ್ಟಿರಲಿಲ್ಲ.

ಭಾವ ತೀರಿಕೊಂಡ ವರ್ಷ ಅಕ್ಕ ಹೇಳದೆ ಕೇಳದೆ ಬಂದಳು. ಬಾಗಿಲಲ್ಲಿ ಚೀಲ ಇಸಿದುಕೊಂಡರೆ ತೋಳು ಜಗ್ಗಿತು.

"ಏನಕ್ಕಾ, ಕಲ್ಲು ತುಂಬ್ಕೊಂಡು ಬಂದಿದ್ದೀಯಾ?"

ಅಕ್ಕ ನಕ್ಕಳು. ಅವನಿಗೋ ಹಿಗ್ಗೋ ಹಿಗ್ಗು. ಇದ್ದ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಇದ್ದ ತಟ್ಟೆಯಲ್ಲಿ ಬಡಿಸಿ, ತಾನು ಪಾತ್ರೆಯ ಮುಚ್ಚಳದಲ್ಲಿ ಹಾಕಿಕೊಂಡು ನಿಂತೇ ಉಂಡ. ಇವಳು ಇಲ್ಲೇ ಉಳಿದುಬಿಟ್ಟರೆ ಎಂದು ಒಳಗೊಳಗೇ ಆಸೆ. ಆದರೆ ಮಾರುವ ಬುದ್ಧಿ ಮನೆಗೂ ಬಂತು ನೋಡಿ.

"ಇರ್ತೀಯೋ, ಸಂಜೆ ಬಸ್ಸಿಗೆ ಹೊರಡ್ತೀಯೋ?" ಎಂದು ಕೇಳಿ ಸುಮ್ಮನಾದ.

ಅಕ್ಕ ಗೋಡೆಯಿಂದ ಗೋಡೆಗೆ ನೋಡಿದಳು. ಬಹಳ ಹೊತ್ತು ಕಾದಳು. "ಹೊರಡ್ತೀನಿ ಕಣೋ" ಎಂದಳು.

ಕೂರಲು ಗತಿಯಿಲ್ಲದ ಮನೆಯಲ್ಲಿ ಯಾರು ತಾನೇ ನಿಲ್ಲುತ್ತಾರೆ ಎಂದು ಅವನು ತನಗೆ ತಾನೇ ಮಂಗಳಾರತಿ ಮಾಡಿಕೊಂಡ. ವಾರ ಕಳೆಯುವುದರೊಳಗೆ ಅಂಗಡಿಯಲ್ಲೇ ಒಂದು ಕುರ್ಚಿ ಕೊಂಡ, ಬೆನ್ನಿಗೆ ಮೆತ್ತೆಯಿರುವಂಥದ್ದು. ಸನ್ಯಾಸಿ ಸಂಸಾರಿಯಾದ ಎಂದು ಜೊತೆಯವರು ಕಾಲೆಳೆದರು. ತಂದ ದಿನ ಮನಸ್ಸು ತುಂಬಿತ್ತು. ಮರುದಿನದಿಂದ ಅದನ್ನು ನೋಡಿದರೇ ಸಂಕಟ. ಮೊದಲು ಖಾಲಿ ಇದ್ದದ್ದು ಬರೀ ಮನೆ, ಈಗ ಅಕ್ಕನ ಜಾಗವೇ ಖಾಲಿ ಕಾಣುತ್ತಿತ್ತು. ತಡೆಯಲಾರದೆ ಫೋನ್ ಮಾಡಿದ.

"ಅಕ್ಕಾ, ನಿನಗೆ ಅಂತ ಕುರ್ಚಿ ತಗೊಂಡೆ."

"ನಾನು ನಾದಿನಿ ಮನೆಗೆ ಬಂದ್ಬಿಟ್ಟಿದ್ದೀನಪ್ಪಾ. ಮೂಲೆಯಲ್ಲಿ ಒಂದು ಮಂಚ ಕೊಟ್ಟಿದ್ದಾರೆ." ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. "ಕುರ್ಚಿ ಯಾರಿಗೆ ಬೇಕಿತ್ತೋ? ನೆಲದ ಮೇಲೆ ಕೂತ್ಕೋತಿದ್ದೆ. ಸೀರೆಗಳನ್ನೆಲ್ಲಾ ತಂದಿದ್ದೆ ಕಣೋ. ಇನ್ನೊಂದು ಸಲ ಇರು ಅಂದಿದ್ರೆ ಸಾಕಾಗಿತ್ತು."

ಅವನು ಹೊಸ ಕುರ್ಚಿಯ ಮೆತ್ತೆ ಸವರಿದ. "ಈಗ್ಲಾದ್ರೂ ಬರ್ತೀಯಾ?"

ಅಕ್ಕ ಸುಮ್ಮನಿದ್ದಳು. ಬಾ ಅಕ್ಕಾ ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅಷ್ಟು ವರ್ಷದ ಅಭ್ಯಾಸ, ಅವಳೇ ಒಪ್ಪಲಿ ಎಂದು ಕಾದ.

"ಒಲೆ ಮೇಲೆ ಹಾಲಿಟ್ಟಿದ್ದೀನಿ" ಎಂದು ಅಕ್ಕ ಫೋನ್ ಇಟ್ಟಳು.