ಐದು ಬಾಯಿ, ಒಂದು ಉಸಿರು

ಹೂವಿನ ಪೊಟ್ಟಣ ಬಿಚ್ಚಿದ ಮೇಲೆ ಅದರ ಕಾಗದವನ್ನು ಓದದೆ ಎಸೆಯಲಾರದ ಚಟ ನನ್ನದು. ಏಳನೆಯ ತರಗತಿಗೇ ಶಾಲೆ ಬಿಟ್ಟವನಿಗೆ ಅಚ್ಚಾದದ್ದೆಲ್ಲವೂ ಪಠ್ಯಪುಸ್ತಕ. ಅದು ಬಜ್ಜಿಯ ಎಣ್ಣೆ ಕುಡಿದಿದ್ದರೂ ಸರಿ, ಮಲ್ಲಿಗೆಯ ನೀರಿನಲ್ಲಿ ನೆಂದಿದ್ದರೂ ಸರಿ. ಮೊನ್ನೆ ಒಂದು ಶುಕ್ರವಾರ ನನ್ನ ಹೆಂಡತಿ ವಡಪಳನಿಯ ಗುಡಿಬೀದಿಯಿಂದ ತಂದ ಎರಡು ಮೊಳ ಮಲ್ಲಿಗೆಯನ್ನು ಸುತ್ತಿಕೊಂಡಿದ್ದುದು ತಮಿಳು ಪತ್ರಿಕೆಯೊಂದರ ಬಣ್ಣದ ಪುರವಣಿ. ಅದರಲ್ಲಿ ನಾಲ್ವರು ಯುವತಿಯರು ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದರು. ಟಿವಿಯ ರಿಯಾಲಿಟಿ ಸ್ಪರ್ಧೆಯೊಂದರಲ್ಲಿ ಹುಟ್ಟಿ, ಒಂದಷ್ಟು ಕಾಲ ಮೆರೆದು, ಆಮೇಲೆ ಚದುರಿಹೋಗಿದ್ದ ‘ಕೊಲುಸು’ ಎಂಬ ಗಾಯನ ತಂಡ ಮತ್ತೆ ಒಂದುಗೂಡಿ ವೇದಿಕೆ ಏರಲಿದೆಯಂತೆ. ಬರಹದ ಕೊನೆಗೆ ಒಂದೇ ಒಂದು ವಾಕ್ಯ: ಆರಂಭದಲ್ಲಿ ಜೊತೆಗಿದ್ದ ಐದನೆಯ ಹುಡುಗಿ ಕಂಠದ ಕೊರತೆಯಿಂದಾಗಿ ತಾನಾಗಿಯೇ ಹಿಂದೆ ಸರಿದಳು.

ಓದುಗರೇ, ನನಗೆ ಎಪ್ಪತ್ತಾರು ವರ್ಷ. ಕೋಪ ಮಾಡಿಕೊಳ್ಳಬಾರದೆಂದು ವೈದ್ಯರು ಹೇಳಿದ್ದಾರೆ. ಯಾವ ಯಾವ ಸುಳ್ಳುಗಳನ್ನು ಓದಬಾರದೆಂದು ಮಾತ್ರ ಪಟ್ಟಿ ಕೊಟ್ಟಿಲ್ಲ. ಕೆಲವು ಸುಳ್ಳುಗಳಿಗೆ ಸ್ವಲ್ಪವಾದರೂ ನಾಚಿಕೆ ಇರುತ್ತದೆ, ತಲೆ ತಗ್ಗಿಸಿ ಬರುತ್ತವೆ. ಇದು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದ ಸುಳ್ಳು.

ನನ್ನ ಕೋಪಕ್ಕೆ ಅಧಿಕಾರವೇನೆಂದು ನೀವು ಕೇಳಬಹುದು. ಈ ಊರಿನ ಧ್ವನಿಮುದ್ರಣ ಸ್ಟುಡಿಯೋ ಒಂದರಲ್ಲಿ ಮೂವತ್ತು ವರ್ಷ ಟೇಪಿನ ಕೆಲಸ ಮಾಡಿದವನು ನಾನು. ಇಂಗ್ಲಿಷ್ ಕಲಿತದ್ದು ಟೇಪು ಯಂತ್ರಗಳ ಕೈಪಿಡಿಗಳಿಂದ. ಆದ್ದರಿಂದ ಈಗಲೂ ನಾನು ಇಂಗ್ಲಿಷಿನಲ್ಲಿ ಬಾಯಿ ತೆರೆದರೆ, ಯಾವುದೋ ಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲು ಪಾಲಿಸಬೇಕಾದ ಎಚ್ಚರಿಕೆಗಳಂತೆ ಕೇಳಿಸುತ್ತದೆ. ನಮ್ಮ ಕಾಲದಲ್ಲಿ ಗೈಡ್ ಹಾಡುವವರೆಂದು ಒಂದು ವರ್ಗವಿತ್ತು. ಹೆಸರಾಂತ ಗಾಯಕರು ಬರುವ ಮುನ್ನ, ಅವರಿಗೆ ದಾರಿ ತೋರಿಸಲೆಂದು, ಇವರು ಇಡೀ ಹಾಡನ್ನು ಹಾಡಿಡುತ್ತಿದ್ದರು. ದೊಡ್ಡವರು ಅದನ್ನು ಕೇಳಿ ಕಲಿತು ತಮ್ಮ ಧ್ವನಿಯಲ್ಲಿ ಹಾಡಿ ಹೋದ ಮೇಲೆ ಗೈಡನ್ನು ಅಳಿಸಬೇಕು. ಅಳಿಸುವವನು ನಾನು. ಎಂತೆಂಥ ಕಂಠಗಳನ್ನು ಈ ಕೈ ಅಳಿಸಿತೆಂದು ನೆನೆದರೆ ಈಗಲೂ ಮನಸ್ಸು ಮುದುಡುತ್ತದೆ. ಆದರೂ ಆ ಕ್ರೂರ ಪದ್ಧತಿಯಲ್ಲಿ ಒಂದು ನ್ಯಾಯವಿತ್ತು. ಹಾಡಿದವರ ಧ್ವನಿ ಸಾಯುತ್ತಿತ್ತೇ ಹೊರತು ಇನ್ನೊಬ್ಬರ ಹೆಸರು ಹೊತ್ತು ಬೀದಿಗೆ ಹೋಗುತ್ತಿರಲಿಲ್ಲ.

ಪುರವಣಿಯವರು ಹೆಸರು ಹೇಳುವ ಸೌಜನ್ಯವನ್ನೂ ತೋರದ ಆ ಐದನೆಯ ಹುಡುಗಿ ಶಾಂಭವಿ. ನಮ್ಮ ಎದುರು ಮನೆಯವಳು. ತಂದೆ ಶಿವಲಿಂಗಪ್ಪನವರು ಗದಗಿನ ಕಡೆಯವರು. ಇಲ್ಲಿಯ ಕೋಯಂಬೇಡು ಮಾರುಕಟ್ಟೆಯಲ್ಲಿ ಈರುಳ್ಳಿಯ ಸಗಟು ವ್ಯಾಪಾರ. ಆರು ವರ್ಷದವಳಿದ್ದಾಗಿನಿಂದ ಅವಳು ನನ್ನ ಹಳೆಯ ಹಾರ್ಮೋನಿಯಂ ಎದುರು ಕುಳಿತು ಹಾಡಿದವಳು. ನಾನು ಹಾಡುಗಾರನಲ್ಲ, ತಪ್ಪನ್ನು ಮಾತ್ರ ಕೇಳಬಲ್ಲೆ. ಅವಳು ಹದಿನೈದು ತುಂಬುವ ಹೊತ್ತಿಗೆ ಆ ಕೆಲಸವೂ ನನಗೆ ಉಳಿಯಲಿಲ್ಲ. ಹತ್ತೊಂಬತ್ತಕ್ಕೆ ಅವಳು ಆ ಸ್ಪರ್ಧೆಗೆ ಆಯ್ಕೆಯಾದಾಗ ಎರಡೂ ಮನೆಯವರು ಒಂದೇ ಟಿವಿಯ ಮುಂದೆ ಕೂರುತ್ತಿದ್ದೆವು. ಅಲ್ಲಿ ಹಾಡಿಗಿಂತ ಅಳು ಹೆಚ್ಚು. ಉಳಿದವರು ಅಳುವರು, ಹೊರಬಿದ್ದವರು ಅಳುವರು, ತೀರ್ಪುಗಾರರಂತೂ ಕ್ಯಾಮೆರಾ ತಮ್ಮತ್ತ ತಿರುಗುವುದನ್ನೇ ಕಾಯುವರು.

“ನಮ್ಮ ಉಳ್ಳಾಗಡ್ಡಿ ಒಂದೂ ಹೆಚ್ಚದನ ಹ್ಯಾಂಗ್ ಅಳ್ತಾರ ನೋಡ್ರಿ ಮಾಸ್ತರ,” ಎನ್ನುತ್ತಿದ್ದರು ಶಿವಲಿಂಗಪ್ಪನವರು.

“ನಿಮ್ಮ ಮಗಳೊಬ್ಬಳೇ ಅಳಲಿಲ್ಲ ನೋಡಿ,” ಎಂದಳು ನನ್ನ ಹೆಂಡತಿ.

“ಅಕಿ ಎಲ್ಲಿ ಅಳ್ತಾಳ್ರೀ ಅಕ್ಕಾರ, ಗೋದಾಮಿನಾಗ ಬೆಳದಾಕಿ.”

ಕೊನೆಗೆ ಐವರನ್ನು ಆರಿಸಿ ‘ಕೊಲುಸು ಫೈವ್’ ಎಂದು ಹೆಸರಿಟ್ಟರು. ಕೊಲುಸೆಂದರೆ ಇಲ್ಲಿಯ ಮಾತಿನಲ್ಲಿ ಕಾಲ್ಗೆಜ್ಜೆ. ಐವರಿಗೂ ಒಂದೊಂದು ಪಾತ್ರ ಹಂಚಿದರು: ಒಬ್ಬಳು ತುಂಟಿ, ಒಬ್ಬಳು ಗಂಭೀರೆ, ಒಬ್ಬಳು ಕುಣಿತದವಳು, ಹೀಗೆ. ಶಾಂಭವಿಗೆ ಸಿಕ್ಕಿದ್ದು ‘ಪಕ್ಕದ ಮನೆಯ ಹುಡುಗಿ’. ಅವಳು ನಿಜಕ್ಕೂ ನನ್ನ ಎದುರು ಮನೆಯವಳಾದ್ದರಿಂದ ಈ ಒಂದು ವಿಷಯದಲ್ಲಿ ಟಿವಿಯವರು ಸತ್ಯದ ಹತ್ತಿರಕ್ಕಾದರೂ ಬಂದರೆಂದು ಒಪ್ಪಬೇಕು.

ಮೊದಲ ಹಾಡಿನ ಮುದ್ರಣದ ದಿನ ಮಧ್ಯಾಹ್ನ ಅವಳಿಂದ ಫೋನು ಬಂತು. ಐವರಲ್ಲಿ ರಾಗವನ್ನು ಬೇಗ ಹಿಡಿಯುವವಳು ಅವಳೇ ಎಂದು ಎಲ್ಲರ ಸಾಲುಗಳನ್ನೂ ಅವಳಿಂದಲೇ ಹಾಡಿಸಲು ಹೊರಟಿದ್ದರು.

“ತಾತಾ, ಐದು ಮಂದಿ ಲೈನೂ ನಾನೇ ಹಾಡ್ಬೇಕಂತ. ಚುಮ್ಮಾ, ಸುಮ್ನ ಗೈಡ್‌ಗೆ ಅಂತಾರ. ಹಾಡ್ಲಾ?”

“ಹಾಡು ಮಗು,” ಎಂದೆ. “ಗೈಡ್ ತಾನೇ. ಅವರೆಲ್ಲ ಕಲಿತು ಹಾಡಿದ ಮೇಲೆ ನಿನ್ನದನ್ನು ಅಳಿಸಿಬಿಡುತ್ತಾರೆ.”

ಎಷ್ಟು ಖಚಿತವಾಗಿ ಹೇಳಿದೆನೆಂದರೆ, ಅದನ್ನು ಅಳಿಸಲು ನಾನೇ ಚಪ್ಪಲಿ ಮೆಟ್ಟಿ ಹೊರಟಿದ್ದೇನೇನೋ ಎಂಬಂತೆ. ಟೇಪು ದುಬಾರಿಯಾಗಿದ್ದ ಕಾಲದವನು ನಾನು. ಇನ್ನೊಂದು ಹಾಡಿಗೆ ಜಾಗ ಬೇಕೆಂದೇ ಅಳಿಸುತ್ತಿದ್ದೆವು. ಕಂಪ್ಯೂಟರಿನಲ್ಲಿ ಜಾಗಕ್ಕೆ ಬರವಿಲ್ಲ, ಅಲ್ಲಿ ಯಾರೂ ಏನನ್ನೂ ಅಳಿಸುವುದಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ತಿಳಿಯದೆಂಬುದೂ ತಿಳಿದಿರಲಿಲ್ಲ, ಸ್ವಯಂಶಿಕ್ಷಿತನ ದೊಡ್ಡ ಕಾಯಿಲೆ ಅದು.

ಹಾಡು ಹೊರಬಂದ ಎರಡನೆಯ ವಾರ ಕೋಯಂಬೇಡಿನಿಂದ ಆಟೋದಲ್ಲಿ ಬರುತ್ತಿದ್ದೆ. ಚಾಲಕ ಆ ಹಾಡನ್ನೇ ಹಾಕಿದ್ದ. ನಿಮಗೆ ಹಾಡು ಕೇಳಿಸುವಲ್ಲಿ ನನಗೆ ಹಾಡಿನ ನಡುವಿನ ಉಸಿರು ಕೇಳಿಸುತ್ತದೆ. ಬೇಡದ ಉಸಿರುಗಳನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯುವುದೂ ನನ್ನ ಕೆಲಸವಾಗಿತ್ತು. ಮುಖದಂತೆ ಉಸಿರೂ ಒಬ್ಬೊಬ್ಬರದು ಒಂದೊಂದು ತರಹ. ಮೇಲಿನ ಸ್ವರಕ್ಕೆ ಏರುವ ಮುನ್ನ ಶಾಂಭವಿ ಬಿಸಿ ಕಾಫಿ ಹೀರುವವರಂತೆ ಎರಡು ಸಲ ಚಿಕ್ಕದಾಗಿ ಉಸಿರೆಳೆಯುತ್ತಾಳೆ. ತುಂಟಿಯ ಸಾಲು ಬಂತು, ಎರಡು ಗುಟುಕು. ಗಂಭೀರೆಯ ಸಾಲು ಬಂತು, ಅದೇ ಎರಡು ಗುಟುಕು. ಧ್ವನಿಯನ್ನು ಯಂತ್ರದಲ್ಲಿ ಒಂದು ಕಡೆ ತೆಳುವಾಗಿಸಿ, ಇನ್ನೊಂದು ಕಡೆ ದಪ್ಪಗಾಗಿಸಿ ನಾಲ್ಕು ಬಾಯಿಗಳಿಗೆ ಹಂಚಿದ್ದರು. ಉಸಿರನ್ನು ಬದಲಿಸಬೇಕೆಂದು ಹೊಳೆದಿರಲಿಲ್ಲ. ಕೇಳಿದಾಗ ಶಾಂಭವಿ ಹಾರ್ಮೋನಿಯಂ ಮೇಲಿನ ಬಟ್ಟೆಯನ್ನು ಮಡಿಸುತ್ತ ಕುಳಿತಳು.

ಮುಂದಿನದು ಎಲ್ಲರೂ ಕಂಡದ್ದೇ. ಟಿ. ನಗರದಲ್ಲಿ ಜವಳಿ ಅಂಗಡಿಯೊಂದು ಹೊಸ ಮಹಡಿ ತೆರೆದಾಗ ಈ ಐವರನ್ನು ಕರೆಸಿತು. ನೂಕುನುಗ್ಗಲಿನಲ್ಲಿ ಬಸ್ಸುಗಳು ನಿಂತುಹೋದವು. ಷಾಂಪೂ ಪೊಟ್ಟಣದ ಮೇಲೆ ಐದು ಮುಖ. ಸಿಂಗಪುರ, ದುಬೈ. ಎಲ್ಲ ಕಡೆಯೂ ಮುದ್ರಿತ ಹಾಡು, ಕುಣಿವ ತುಟಿಗಳು. ವರ್ಷ ತುಂಬುವ ಮೊದಲು ಶಾಂಭವಿ ಒಂದೇ ಒಂದು ಬೇಡಿಕೆ ಇಟ್ಟಳು: ಹಾಡಿದವರ ಹೆಸರಿನಲ್ಲಿ ತನ್ನದೊಂದನ್ನೇ ಹಾಕಬೇಕು. ಮರುತಿಂಗಳು ಅವಳಿಗೆ ‘ವಿಶ್ರಾಂತಿ’ ಘೋಷಿಸಲಾಯಿತು. ಷಾಂಪೂ ಪೊಟ್ಟಣದಲ್ಲಿ ನಾಲ್ಕೇ ಮುಖ ಉಳಿದವು, ತಂಡದ ಹೆಸರಿನಿಂದ ‘ಫೈವ್’ ಸದ್ದಿಲ್ಲದೆ ಉದುರಿತು. ಐದು ವರ್ಷ ಈ ಬಗ್ಗೆ ಬಾಯಿ ಬಿಡಬಾರದೆಂದು ಒಪ್ಪಂದದಲ್ಲಿ ಇತ್ತಂತೆ. ಆ ನಾಲ್ವರನ್ನೂ ಎರಡು ವರ್ಷ ದುಡಿಸಿ, ಮುಂದಿನ ಸ್ಪರ್ಧೆಯ ಹೊಸ ಹುಡುಗಿಯರು ಬಂದೊಡನೆ ಕೈಬಿಟ್ಟರು. ಆ ನಾಲ್ವರ ಮೇಲೆ ನನಗೆ ಕೋಪವಿಲ್ಲವೆಂದರೆ ಸುಳ್ಳಾಗುತ್ತದೆ, ಕಡಿಮೆ ಇದೆ.

ಈ ಕೋಪವನ್ನು ಇಷ್ಟು ವರ್ಷ ನಾನು ನಿಷ್ಠೆಯಿಂದ ಕಾಪಾಡಿಕೊಂಡು ಬಂದೆ. ಟಿವಿಯಲ್ಲಿ ಆ ಹಾಡು ಬಂದರೆ ಎದ್ದು ಆರಿಸುತ್ತಿದ್ದೆ. ಹೆಂಡತಿಗೆ ಭಾಷಣ ಮಾಡುತ್ತಿದ್ದೆ. ಅವಳು ಅವರೆಕಾಳು ಸುಲಿಯುತ್ತ ಕೇಳುತ್ತಿದ್ದಳು.

ಪುರವಣಿ ಓದಿದ ನಾಲ್ಕನೆಯ ದಿನ ಟಿವಿಯ ಹೆಣ್ಣುಮಗಳೊಬ್ಬಳು ಕ್ಯಾಮೆರಾದವನೊಡನೆ ನಮ್ಮ ಬಾಗಿಲಿಗೆ ಬಂದಳು. ತಂಡದ ಪುನರ್ಮಿಲನದ ಕಾರ್ಯಕ್ರಮಕ್ಕೆ ಶಾಂಭವಿಯ ಬಗ್ಗೆ ನಾನು ಎರಡು ಮಾತು ಹೇಳಬೇಕಂತೆ.

“ಐಯಾ, ರೆಂಡೇ ನಿಮಿಷಂ,” ಎಂದು ತಮಿಳಿನಲ್ಲಿ ಶುರುಮಾಡಿದಳು. ಉಳಿದದ್ದನ್ನು ಕನ್ನಡದಲ್ಲಿ ಕೊಡುತ್ತೇನೆ. “ಅವಳಿಗೆ ಆಸೆ ದೊಡ್ಡದಿತ್ತು, ಕಂಠ ತಾಳಲಿಲ್ಲ, ಈಗ ನೆಮ್ಮದಿಯಾಗಿದ್ದಾಳೆ ಅಂತ ನಿಮ್ಮದೇ ಮಾತಿನಲ್ಲಿ ಹೇಳಿ ಸಾರ್.”

“ನನ್ನ ಮಾತನ್ನು ನೀನೇ ಬರೆದು ತಂದಿದ್ದೀಯಲ್ಲಮ್ಮ.”

“ಸುಮ್ಮನೆ ಒಂದು ಫೀಲ್‌ಗೆ, ಸಾರ್. ಬೇಕಾದರೆ ಬದಲಾಯಿಸಿ ಹೇಳಿ.”

ಹೊರಗೆ ನಡೆಯೆಂದೆ. ಸುಳ್ಳಿನ ಅಂಗಡಿ ಇನ್ನೆಲ್ಲಾದರೂ ತೆರೆಯೆಂದೆ. ಅವಳು ಮೆಟ್ಟಿಲಿಳಿಯುವವರೆಗೂ ಇನ್ನೂ ಏನೇನೋ ಅಂದೆ. ಕಾಫಿಯನ್ನೂ ಕೊಡದೆ ಕಳಿಸಿದಿರಾ ಎಂದು ಹೆಂಡತಿ ಕೇಳಿದಾಗ, ನಿಜ ಹೇಳುತ್ತೇನೆ, ಒಂದು ಯುದ್ಧ ಗೆದ್ದವನಂತೆ ಮೀಸೆಯ ಮೇಲೆ ಕೈಯಾಡಿಸಿದೆ.

ಗೆಲುವಿನ ಸುದ್ದಿ ಹೊತ್ತು ಎದುರು ಮನೆಗೆ ಹೋದೆ. ಶಾಂಭವಿ ಇಸ್ತ್ರಿ ಮಾಡುತ್ತಿದ್ದಳು. ಪೂರ್ತಿ ಕೇಳಿ, ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು.

“ಅವ್ರನ್ನ ನಿಮ್ ಮನಿಗೆ ಕಳಿಸ್ದಾಕಿ ನಾನೇ, ತಾತಾ.”

ನಾನು ಕುರ್ಚಿ ಹುಡುಕಿ ಕುಳಿತೆ.

“ಅಗ್ರಿಮೆಂಟಿನ ಐದ್ ವರ್ಷ ಮುಗದಾವ, ಆದ್ರೂ ನಾ ಹೇಳಿದ್ರ ಹೊಟ್ಟಿಕಿಚ್ಚು ಅಂತಾರ. ನೀವು ಸೌಂಡಿನ ಮಂದಿ, ನೀವು ಹೇಳಿದ್ರ ವಿಷಯ ಆಗ್ತದ ಅಂತ ಕಳಿಸ್ದೆ. ನೀವು ಬೈದು ಅಟ್ಟೀರಿ.”

“ನಾನು ಹೇಳಿದ್ದರೆ ಕತ್ತರಿಸುತ್ತಿದ್ದರು ಮಗು. ನನಗೆ ಗೊತ್ತಿಲ್ಲವೇ ಆ ಕೆಲಸ.”

“ಕತ್ತರಿಸ್ಲಿ. ಆ ಅಕ್ಕಾದ್ರೂ ಕೇಳ್ತಿದ್ಲು, ಕ್ಯಾಮೆರಾ ಅಣ್ಣಾದ್ರೂ ಕೇಳ್ತಿದ್ದ.” ಆಮೇಲೆ ದನಿ ಏರಿಸದೆ ಕೇಳಿದಳು: “ನನ್ ಬಾಯಿ ಅಗ್ರಿಮೆಂಟಿನಾಗ ಕಟ್ಟಿದ್ರು ತಾತಾ. ನಿಮ್ ಬಾಯಿ ಯಾರು ಕಟ್ಟಿದ್ರು?”

ನಾನು ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. ಯಾವತ್ತು ಬೇಕಾದರೂ, ಯಾರೆದುರು ಬೇಕಾದರೂ ಹೇಳಬಹುದಿತ್ತು. ಹೇಳಲು ಹೊರಟರೆ ಆ ಮಧ್ಯಾಹ್ನದ ಫೋನಿನ ಮಾತನ್ನೂ ಹೇಳಬೇಕಾಗುತ್ತಿತ್ತು. ಮನೆಯೊಳಗೆ ಗುಡುಗುವುದಾದರೆ ಅದರ ಅಗತ್ಯವಿರಲಿಲ್ಲ.

ಆಮೇಲೆ ವಿಷಯ ಹೊರಬಿತ್ತು. ಒಂದು ಶಾಲೆಯಲ್ಲಿ ಸಂಗೀತ ಶಿಕ್ಷಕಿಯ ಕೆಲಸಕ್ಕೆ ಅವಳು ಅರ್ಜಿ ಹಾಕಿದ್ದಳು. ಮುಖ್ಯೋಪಾಧ್ಯಾಯಿನಿ ಅದೇ ಪುರವಣಿ ಓದಿದ್ದರು. ಕಂಠ ಹೋದವರು ಮಕ್ಕಳಿಗೆ ಹೇಗೆ ಕಲಿಸುತ್ತೀರಿ ಎಂದು ಕೇಳಿ, ಬಲ್ಲವರು ಯಾರಾದರೂ ಬರೆದುಕೊಟ್ಟರೆ ನೋಡೋಣವೆಂದಿದ್ದರು. ಸೋಮವಾರದೊಳಗೆ.

ನಾಲ್ಕು ಪುಟ ಬರೆದೆ. ಮಾಧ್ಯಮಗಳ ಅಧಃಪತನದ ಬಗ್ಗೆಯೇ ಒಂದೂವರೆ ಪುಟವಿತ್ತು. ಶಾಂಭವಿ ಓದಿ, ಪೆನ್ನು ತೆಗೆದು, ಮೊದಲ ಪುಟಕ್ಕೆ ಅಡ್ಡಗೆರೆ ಎಳೆದಳು.

“ಕೋಪ ತೆಗೀರಿ ತಾತಾ. ಆಗಿದ್ದಷ್ಟು ಬರೀರಿ.”

ಮೂರನೆಯ ಸಲಕ್ಕೆ ಏಳು ಸಾಲು ಉಳಿಯಿತು. ಐದನೆಯ ಸಾಲು ಹೀಗಿತ್ತು: ಗೈಡ್ ಅಳಿಸಿಹೋಗುತ್ತದೆಂದು ಈಕೆಗೆ ಹೇಳಿ ಹಾಡಿಸಿದವನು ನಾನು, ಅದು ನನ್ನ ತಪ್ಪು. ಇದನ್ನಾದರೂ ಪ್ರೀತಿಯಿಂದ ಹೊಡೆದುಹಾಕುತ್ತಾಳೆಂದು ಕಾದೆ. ಪೆನ್ನು ಅಲ್ಲಿ ಒಂದು ಕ್ಷಣ ನಿಂತಿತು. “ಇದು ಇರ್ಲಿ,” ಎಂದಳು.

ಸೋಮವಾರ ನಾನೂ ಜೊತೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಏಳು ಸಾಲನ್ನು ಎರಡು ಸಲ ಓದಿದರು. ಶಾಂಭವಿಯನ್ನು ಆರನೆಯ ತರಗತಿಯ ಕೋಣೆಗೆ ಕಳಿಸಿ, ಮಕ್ಕಳಿಗೆ ಏನಾದರೂ ಕಲಿಸುತ್ತಿರಿ, ಬಂದು ಕೇಳುತ್ತೇನೆ ಎಂದರು. ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಇಷ್ಟು ವರ್ಷ ಯಾರಿಗೂ ಹೇಳಲಿಲ್ಲವೇ ಸಾರ್?”

“ಮನೆಯಲ್ಲಿ ಹೇಳಿದ್ದೆ,” ಎಂದೆ.

ಅವರು ನಗಲಿಲ್ಲ; ಕಾಗದವನ್ನು ಮಡಿಸಿ, ಎದ್ದು ತರಗತಿಯ ಕಡೆಗೆ ನಡೆದರು. ಕೆಲಸದ ಉತ್ತರ ಇನ್ನೂ ಬಂದಿಲ್ಲ. ಅದು ಬರುವವರೆಗೆ ಕೈಕಟ್ಟಿ ಕೂರಲು ನನಗೀಗ ಮನಸ್ಸಿಲ್ಲ. ಆದ್ದರಿಂದ ಮನೆಯ ಹೊರಗೂ, ನಿಮ್ಮೆದುರಿಗೂ ಹೇಳುತ್ತಿದ್ದೇನೆ. ಆ ಹಾಡಿನ ಐದೂ ಧ್ವನಿ ಶಾಂಭವಿಯದು. ಅವಳ ಕಂಠಕ್ಕೆ ಅಂದು ಯಾವ ಕೊರತೆಯೂ ಇರಲಿಲ್ಲ, ಇಂದಿಗೂ ಇಲ್ಲ. ಕೊರತೆಯಿದ್ದುದು ಅದನ್ನು ಕದ್ದವರಲ್ಲಿ, ಮತ್ತು ಗೊತ್ತಿದ್ದೂ ಟಿವಿಯನ್ನಷ್ಟೇ ಆರಿಸಿ ಕೂತ ನನ್ನಲ್ಲಿ.