ಬೀಗರು ಕದಿಯದ ನೀರು

ಅಕ್ಕ, ನಿನ್ನ ಬೀಗರು ನೀರು ಕದ್ದಿರಲಿಲ್ಲ. ಆ ಸುಳ್ಳು ನನ್ನದು.

ಜಯನಗರದಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ನೀನೀಗ ಇಟ್ಟಮಡುವಿನ ನಮ್ಮ ಮನೆಯ ವರಾಂಡದಲ್ಲಿ ಕಪ್ಪು ಕನ್ನಡಕ ಹಾಕಿ ಅವರೆಕಾಯಿ ಸುಲಿಯುತ್ತ ಕೂತಿದ್ದೀಯ. ಸುಮ್ಮನಿರು ಎಂದರೆ ಕೇಳುವವಳೇ ನೀನು. ಬೆಳಿಗ್ಗೆ ನಿನ್ನ ಮಗಳು ಫೋನ್ ಮಾಡಿ, "ಮೊಮ್ಮಗಳ ಮದ್ವೆಗಾದ್ರೂ ಬಾರಮ್ಮ" ಎಂದು ಅತ್ತಳು. "ಆ ನೀರುಗಳ್ಳರ ಮನೆಗೆ ನಾನು ಬರಲ್ಲ" ಎಂದುಬಿಟ್ಟೆ ನೀನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನು — ಒಳಗೆ ಎದ್ದುಹೋದೆ.

ನಿನ್ನ ಮಗಳ ಮದುವೆಯಾದ ಮರುವರ್ಷ ನದಿಯಲ್ಲಿ ಎಷ್ಟು ನೀರು ಬರಬಹುದು, ನಾಲೆಯ ಉದ್ದಕ್ಕೂ ಯಾವ ಬೆಳೆಗೆ ಎಷ್ಟು ಬೇಕು ಎಂದು ಹೊಂದಿಸಿ ಹೇಳುವುದು ನೀರಾವರಿ ಇಲಾಖೆಯಲ್ಲಿ ನನ್ನ ಕೆಲಸವಾಗಿತ್ತು. ಹೊಂದಲಿಲ್ಲ. ನಾಲೆಯ ಕೊನೆಯ ಊರುಗಳಿಗೆ ರಾಗಿ ಹಾಕಿ ಎನ್ನಬೇಕಿತ್ತು. ಭತ್ತಕ್ಕೆ ನೀರಿಲ್ಲವೆಂದರೆ ಗಲಾಟೆಯಾಗುತ್ತದೆ — ಸಾಹೇಬರಿಗೆ ಗಲಾಟೆ ಬೇಡವಾಗಿತ್ತು, ನನಗೆ ಬಡ್ತಿ ಬೇಕಾಗಿತ್ತು. ದಾರಿಯಲ್ಲಿ ನೆಲಕ್ಕೆ ಇಂಗಿಹೋಗುವ ನೀರನ್ನು ಬೇಕೆಂದೇ ಕಡಿಮೆ ತೋರಿಸಿದೆ. ಕಾಗದದ ಮೇಲೆ ಲೆಕ್ಕ ಸರಿಹೋಯಿತು.

ಸಸಿಮಡಿಗೆ ಮೊದಲು ನೀನು ಫೋನ್ ಮಾಡಿದ್ದೆ. "ಭತ್ತ ಹಾಕ್ಲೇನೋ, ರಾಗಿ ಹಾಕ್ಲೇನೋ?" ಒಡಹುಟ್ಟಿದವಳಿಗಾದರೂ ನಿಜ ಹೇಳಬಹುದಿತ್ತು. ಹೇಳಿದರೆ ಊರಿಗೆಲ್ಲ ತಿಳಿಯುತ್ತದೆ, ಊರಿಗೆ ತಿಳಿದರೆ ನನ್ನ — "ಭತ್ತಾನೇ ಹಾಕಕ್ಕ, ನೀರು ಬಿಡ್ತೀವಿ" ಎಂದೆ. ನಿನ್ನ ಮಾತು ನಂಬಿ ಊರೆಲ್ಲ ಭತ್ತ ನಾಟಿ ಮಾಡಿತು. ತೆನೆ ಹಾಲುಗಟ್ಟುವ ಹೊತ್ತಿಗೆ ನಿಮ್ಮೂರಿನಲ್ಲಿ ನಾಲೆ ಒಣಗಿತ್ತು.

ಊರವರು ನಿನ್ನನ್ನು ಕೇಳಿದರು, ನೀನು ನನ್ನನ್ನು ಕೇಳಿದೆ. "ಮೇಲಿನೂರೋರು ತೂಬು ಎತ್ತಿ ನೀರು ತಿರುಗಿಸ್ಕೊಂಡ್ರು ಕಣಕ್ಕ" ಎಂದೆ. ನಾಲೆಯ ಮೇಲಿನ ಊರೆಂದರೆ ನೀನು ಮಗಳನ್ನು ಕೊಟ್ಟ ಊರು. ಅದು ಆಗ ಹೊಳೆಯಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಹೊಳೆದಿತ್ತು.

ಆಗ ಮಗಳು ತುಂಬು ಬಸುರಿ. ಅವಳ ಸೀಮಂತಕ್ಕೆಂದು ಸೀರೆ, ಹಸಿರು ಬಳೆ ಎಲ್ಲ ತೆಗೆದಿಟ್ಟಿದ್ದವಳು ನೀನು ಹೋಗಲಿಲ್ಲ. ಬಾಣಂತನಕ್ಕೂ ಕರೆತರಲಿಲ್ಲ. ಬೀಗರೇ ಬಂದು, "ದೇವ್ರಾಣೆ, ನಾವು ತೂಬು ಮುಟ್ಟಿಲ್ಲ ಕಣಮ್ಮ" ಎಂದು ನಿಮ್ಮ ಅಂಗಳದಲ್ಲಿ ಬಿಸಿಲಿಗೆ ನಿಂತರು. ನೀನು ಒಳಗೆ ಬನ್ನಿ ಎನ್ನಲಿಲ್ಲ. ನಾನು ಅಲ್ಲೇ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ಥೂ, ನನ್ನ ಜನ್ಮಕ್ಕೆ. ಒಂದು ಮಾತು — ಒಂದೇ ಮಾತು ಸಾಕಿತ್ತು.

ಆ ಕೂಸು ನಿನ್ನ ಮಡಿಲಲ್ಲಿ ಒಂದು ದಿನವೂ ಆಡದೆ ಬೆಳೆದು ಈಗ ಮದುಮಗಳಾಗಿದ್ದಾಳೆ. ಅದನ್ನು ನಾನು ಎಲ್ಲಿಂದ ತಂದುಕೊಡಲಿ?

ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ. ನಿನ್ನ ಕಣ್ಣು ಇನ್ನೂ ಓದುವಂತಿಲ್ಲ, ಈ ಕಾಗದವನ್ನು ನಾನೇ ವರಾಂಡಕ್ಕೆ ಬಂದು ಓದಿ ಹೇಳುತ್ತೇನೆ. ನಾಳೆ ನಿನ್ನನ್ನು ಬೀಗರ ಮನೆಗೆ ಕರೆದುಕೊಂಡು ಹೋಗಿ ಅವರೆದುರಿಗೂ ಹೇಳುತ್ತೇನೆ. ಅವರು ಉಗಿದರೆ ಉಗಿಯಲಿ. ನೀನು ಮದುವೆಗೆ ಅಲ್ಲೇ ಉಳಿ ಅಕ್ಕ. ನಾನೊಬ್ಬನೇ ಬಸ್ಸಿಗೆ ವಾಪಸ್ ಬರುತ್ತೇನೆ.